ಸಂಜೆ 5ರಿಂದ 8ರವರೆಗೆ ನಮ್ಮ ಹುಡುಗರು ಎಲ್ಲಿಗೆ ಹೋಗಬೇಕು?

ಬಳ್ಳಾರಿಯ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯವರಿಗೆ, ಶಿಕ್ಷಣ ಇಲಾಖೆಯವರಿಗೆ, ಮತ್ತು ಇದನ್ನು ಓದುವ ನಮ್ಮೂರಿನ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ. ನಾನು ಕೌಲ್ ಬಜಾರ್ ಕಡೆಯವನು. 8 ಮಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಸುತ್ತೇನೆ. ಬಿಲ್ ಪುಸ್ತಕ ಬಿಟ್ಟರೆ ಬೇರೇನೂ ಬರೆದು ಅಭ್ಯಾಸ ಇಲ್ಲ, ಹಾಗಾಗಿ ಮಾತು ಹಿಂದೆ ಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಜಿ ಬರೆಯಬಹುದಿತ್ತು. ಅರ್ಜಿ ಕೊಟ್ಟರೆ ಅದಕ್ಕೊಂದು ನಂಬರು ಬೀಳುತ್ತದೆ, ಫೈಲು ಸೇರುತ್ತದೆ, ಮುಗಿಯಿತು. ಇದು ನಾಲ್ಕು ಜನರ ಎದುರಿಗೆ ಆಗಬೇಕಾದ ಮಾತು ಅನ್ನಿಸಿತು, ಅದಕ್ಕೇ ಹೀಗೆ.

ವಿಷಯ ನನ್ನ ಅಕ್ಕನ ಮಗನದು. ಹೆಸರು ಹೇಳುವುದಿಲ್ಲ. ಅವನನ್ನು ಕೇಳಿದ ಮೇಲೇ ಬರೆಯಲು ಕೂತೆ. "ಬರಿ ಮಾವ, ಆದ್ರ ಓದಿದೋರು ಅಯ್ಯೋ ಪಾಪ ಅನ್ನಂಗ ಬರೀಬ್ಯಾಡ" ಎಂದ. ಪ್ರಯತ್ನ ಮಾಡುತ್ತೇನೆ.

ನಮ್ಮ ಭಾವ ಟಿಪ್ಪರ್ ಇಟ್ಟಿದ್ದವರು. ಅದಿರಿನ ಕಾಲದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಯಾರನ್ನು ನೋಡಿದರೂ ಸಾಲ ಮಾಡಿ ಲಾರಿ ತೆಗೆದುಕೊಳ್ಳುತ್ತಿದ್ದರು, ಇವರೂ ತೆಗೆದುಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಆ ಗುಡ್ಡಗಳ ಗತಿ ಏನಾಗಿತ್ತು ಅಂತ ನೋಡಿದವರಿಗೆ ಗೊತ್ತು. ಆದರೆ ಕಂತು ನಿಲ್ಲಲಿಲ್ಲ. ಟಿಪ್ಪರನ್ನು ಫೈನಾನ್ಸಿನವರು ಒಯ್ದರು, ಭಾವ ಬೆಂಗಳೂರಿಗೆ ಡ್ರೈವರ್ ಕೆಲಸಕ್ಕೆ ಹೋದರು, ಇವತ್ತಿಗೂ ಅಲ್ಲೇ. ಹಬ್ಬಕ್ಕೆ ಬರುತ್ತಾರೆ, ಎರಡು ದಿನ ಇರುತ್ತಾರೆ, ಮಗನಿಗೆ ಅಂಗಿ ತರುತ್ತಾರೆ. ಅಳತೆ ಯಾವಾಗಲೂ ಹಿಂದಿನ ವರ್ಷದ್ದು. ಅಕ್ಕ ಮನೆಯಲ್ಲೇ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ. ಮೂಟೆ ಬಂದರೆ ರಾತ್ರಿ 11 ಆದರೂ ತಲೆ ಎತ್ತುವುದಿಲ್ಲ. ಮಗ ಬಂದನಾ ಇಲ್ಲವಾ ಅನ್ನುವುದನ್ನು ಬಾಗಿಲಲ್ಲಿ ಚಪ್ಪಲಿ ನೋಡಿ ತಿಳಿದುಕೊಳ್ಳಬೇಕು.

ಹುಡುಗ ಕೆಟ್ಟದ್ದು ಒಂಬತ್ತನೇ ಕ್ಲಾಸಿನಲ್ಲಿ. ಕೆಟ್ಟ ಅನ್ನುವ ಮಾತು ಆಗ ನಾನೂ ಆಡುತ್ತಿದ್ದೆ, ಈಗ ಬಾಯಿಗೆ ಬರಲ್ಲ, ಇರಲಿ. ಮೊದಲು ಊಟದ ಹೊತ್ತು ತಪ್ಪಿತು. ಆಮೇಲೆ ಮಾತು ಕಡಿಮೆಯಾಯಿತು. ಎಲ್ಲಿಗೆ ಹೋಗಿದ್ದೆ ಅಂದರೆ "ಇಲ್ಲೇ". ಯಾರ ಜೊತೆ ಅಂದರೆ "ಯಾರೂ ಇಲ್ಲ". ಆರು ತಿಂಗಳು ಬೇಕಾಯಿತು ನಮಗೆ, ಇಲ್ಲೇ ಅಂದರೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆ (ಎಚ್‌ಎಲ್‌ಸಿ) ದಂಡೆ, ಯಾರೂ ಇಲ್ಲ ಅಂದರೆ ಐದು ಜನ ಅಂತ ತಿಳಿಯಲು. ಆ ಐವರಲ್ಲಿ ಇಬ್ಬರು ಶಾಲೆ ಬಿಟ್ಟವರು, ಒಬ್ಬನಿಗೆ 19 ವರ್ಷ. ಗುಟ್ಕಾ ಇತ್ತು. ಪಂಕ್ಚರ್ ಸೊಲ್ಯೂಷನ್ ಮೂಸುವುದು ಇತ್ತು. ಅಕ್ಕ ಪಾಪ ಅವನ ಕರ್ಚೀಫನ್ನು ಎರಡೆರಡು ಸಲ ಒಗೆಯುತ್ತಿದ್ದಳು, ಇದೇನು ವಾಸನೆ ಹೋಗ್ತಾನೇ ಇಲ್ಲ ಅಂತ. ಐಪಿಎಲ್ ಬಂದರೆ ಬೆಟ್ಟಿಂಗ್. ಕೊನೆಗೆ ಒಂದು ಅಂಗಡಿಯಲ್ಲಿ ಮೊಬೈಲ್ ಹೋಯಿತು, ಐವರ ಹೆಸರೂ ಬಂತು, ನಾನು ಹೋಗಿ ಕೈ ಮುಗಿದು ದುಡ್ಡು ಕಟ್ಟಿ ಬಂದೆ.

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪೇ. ಬೇರೆಯವರೂ ಇದನ್ನೇ ಮಾಡುತ್ತಾರೆ, ಅದಕ್ಕೆ ಬಿಚ್ಚಿ ಹೇಳುತ್ತೇನೆ. ಹೊಡೆದೆ. ಫೋನ್ ಕಿತ್ತುಕೊಂಡೆ. ಕಾಲುವೆ ದಂಡೆಗೆ ಹೋಗಿ ಆ ಹುಡುಗರಿಗೆ ಬಾಯಿಗೆ ಬಂದಂತೆ ಬೈದೆ, ಅವರ ಅಪ್ಪ ಅಮ್ಮನನ್ನೂ ಸೇರಿಸಿ. ನಮ್ಮ ಹುಡುಗನನ್ನು ಅವರ ಎದುರಿಗೇ ಕುತ್ತಿಗೆಪಟ್ಟಿ ಹಿಡಿದು ಗಾಡಿ ಮೇಲೆ ಕೂರಿಸಿಕೊಂಡು ಬಂದೆ. ಹೀರೋ ಅಂದುಕೊಂಡಿದ್ದೆ ನನ್ನನ್ನು. ಅವತ್ತು ರಾತ್ರಿಯೇ ಹುಡುಗ ಮನೆ ಬಿಟ್ಟ, ಎರಡು ರಾತ್ರಿ ಬರಲಿಲ್ಲ. ಅಕ್ಕ ಕನಕ ದುರ್ಗಮ್ಮನ ಗುಡಿ ಮೆಟ್ಟಿಲ ಮೇಲೆ ಕೂತವಳು ಎದ್ದಿಲ್ಲ. ಮೂರನೇ ದಿನ ಬೆಳಿಗ್ಗೆ ಅವನನ್ನು ಮನೆಗೆ ತಂದು ಬಿಟ್ಟವನು ಯಾರು ಗೊತ್ತಾ? ಆ ಐವರಲ್ಲಿ ಒಬ್ಬ. "ಅಮ್ಮ ಅಳ್ತಾಳ ನಡೀಲೇ" ಅಂತ ಹೇಳಿ ಕರೆದುಕೊಂಡು ಬಂದನಂತೆ. ನಾನು ಅವನಿಗೆ ನೀರು ಕೂಡ ಕೇಳಲಿಲ್ಲ.

ಇನ್ನೊಂದು ನಗೆಪಾಟಲಿನ ಕೆಲಸವನ್ನೂ ಮಾಡಿದೆ. ಪಕ್ಕದ ಬೀದಿಯಲ್ಲಿ ಒಬ್ಬ ಹುಡುಗ, ಕ್ಲಾಸಿಗೇ ಫಸ್ಟ್. ಅವರಪ್ಪನ ಹತ್ತಿರ ಹೋಗಿ, ನಿಮ್ಮ ಮಗ ನಮ್ಮವನ ಜೊತೆ ಸ್ವಲ್ಪ ಓಡಾಡಲಿ, ಒಳ್ಳೆ ಸಹವಾಸ ಆಗುತ್ತೆ ಅಂತ ಕೇಳಿಕೊಂಡೆ. ಭಾನುವಾರ ಇಬ್ಬರನ್ನೂ ಎದುರು ಬದುರು ಕೂರಿಸಿದೆವು. ಹೆಣ್ಣು ನೋಡುವ ಶಾಸ್ತ್ರ ಇದ್ದಂಗೆ ಇತ್ತು. ಅವನು ಪಾಪ "ನಿಂದು ಮ್ಯಾಥ್ಸ್ ಎಷ್ಟು ಚಾಪ್ಟರ್ ಆಯ್ತು" ಅಂದ, ಇವನು ಫ್ಯಾನ್ ನೋಡಿದ. ಒಂದು ತಿಂಗಳು ಬಿಟ್ಟು ತಿಳಿಯಿತು, ಇಬ್ಬರಲ್ಲಿ ಒಬ್ಬರಿಂದ ಇನ್ನೊಬ್ಬರು ಕಲಿತದ್ದು ಹೌದು, ಆದರೆ ಫಸ್ಟ್ ಬರುವ ಹುಡುಗನೇ ನಮ್ಮವನಿಂದ ಬೈಕ್ ಓಡಿಸುವುದನ್ನು ಕಲಿತಿದ್ದ. (18 ಆಗದ ಮಕ್ಕಳ ಕೈಗೆ ಗಾಡಿ ಕೊಟ್ಟರೆ 2019ರ ತಿದ್ದುಪಡಿ ಪ್ರಕಾರ ಮನೆಯವರಿಗೆ 25,000 ದಂಡ, ಜೈಲೂ ಆಗಬಹುದು. ನನ್ನ ಗಾಡಿ ಕೀಲಿ ಈಗ ನನ್ನ ಜೇಬಿನಲ್ಲೇ ಇರುತ್ತದೆ.)

ಒಳ್ಳೆ ಗೆಳೆಯನನ್ನು ನಾವು ಆರಿಸಿ ತಂದು ಕೂರಿಸಲು ಆಗುವುದಿಲ್ಲ. ಇದು ನನಗೆ ಆಗ ತಿಳಿಯಲಿಲ್ಲ.

ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು. ಯಾವ ಶಾಲೆ ಅಂತ ಬೇಡ, ಅಲ್ಲಿನ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ, ಒಬ್ಬೊಬ್ಬರ ಮುಂದೆ 60 ಮಕ್ಕಳು ಕೂತಿದ್ದರು. ಆದರೆ ನೋಡಿದ್ದನ್ನು ಹೇಳಬೇಕು. ಕ್ಲಾಸಿನ ಕೊನೇ ಎರಡು ಬೆಂಚಿನಲ್ಲಿ ಗಲಾಟೆ ಹುಡುಗರನ್ನೆಲ್ಲ ಒಟ್ಟಿಗೆ ಹಾಕಿದ್ದರು, ಉಳಿದವರು ಕೆಡಬಾರದು ಅಂತ. ನಮಗೆ ಹೇಳಿದ್ದು, ಸುಮ್ನೆ ಟಿಸಿ ತಗೊಂಡು ಬೇರೆ ಕಡೆ ಹಾಕಿ ಅಂತ. ಎಂಟನೇ ಕ್ಲಾಸಿನವರೆಗೆ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಂಬತ್ತಕ್ಕೆ ಕಾಲಿಟ್ಟರೆ ಆ ರಕ್ಷಣೆ ಇಲ್ಲ. ಹುಡುಗರು ಜಾರುವುದು ಸರಿಯಾಗಿ ಅಲ್ಲೇ, ನೋಡಿ.

ನನ್ನ ಮಗಳು ಬಿಎಯಲ್ಲಿ ಸೈಕಾಲಜಿ ತಗೊಂಡಿದ್ದಾಳೆ. ಆ ಬೆಂಚಿನ ಕಥೆ ಕೇಳಿ ಅವಳಿಗೆ ನಗು ಬಂತು, ಸಿಟ್ಟೂ ಬಂತು. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅಮೆರಿಕದಲ್ಲಿ ಥಾಮಸ್ ಡಿಷಿಯನ್, ಜೋನ್ ಮೆಕಾರ್ಡ್ ಅನ್ನುವವರು ಇನ್ನೊಬ್ಬರ ಜೊತೆ ಸೇರಿ 1999ರಲ್ಲಿ ಒಂದು ಲೇಖನ ಬರೆದರಂತೆ. ದಾರಿ ತಪ್ಪುತ್ತಿರುವ ಹುಡುಗರನ್ನು ಒಂದೇ ಗುಂಪು ಮಾಡಿ, ಬುದ್ಧಿ ಹೇಳಿ ಸರಿ ಮಾಡಲು ಹೋದರೆ ಅವರು ಇನ್ನೂ ಜಾಸ್ತಿ ಹಾಳಾಗಬಹುದು ಅನ್ನುವುದು ಅದರ ಸಾರ. ಗುಂಪಿಗೆ ಸೇರಿದ ಹುಡುಗರಲ್ಲಿ ಸಿಗರೇಟು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಯಾಕೆಂದರೆ ಅಲ್ಲಿ ಒಬ್ಬ ತನ್ನ ಪುಂಡಾಟ ಹೇಳುತ್ತಾನೆ, ಇನ್ನಿಬ್ಬರು ನಗುತ್ತಾರೆ, ಆ ನಗುವೇ ಅವನಿಗೆ ಸಿಗುವ ಬಹುಮಾನ. ಮೆಕಾರ್ಡ್ ಅವರು ಇನ್ನೂ ಹಳೆಯ ಒಂದು ಕಾರ್ಯಕ್ರಮದ ಹುಡುಗರನ್ನು 30 ವರ್ಷ ಬಿಟ್ಟು ಹುಡುಕಿ ನೋಡಿದ್ದರು. ಬೇಸಿಗೆ ಶಿಬಿರಕ್ಕೆ ಅಂತ ಒಟ್ಟಿಗೆ ಮತ್ತೆ ಮತ್ತೆ ಕಳಿಸಿದ ಹುಡುಗರ ಗತಿಯೇ ಎಲ್ಲರಿಗಿಂತ ಕಷ್ಟವಾಗಿತ್ತು. ನಾವು ಇಲ್ಲಿ ಅದನ್ನೇ ಕೊನೇ ಬೆಂಚಿನಲ್ಲಿ ದಿನಾ ಮಾಡುತ್ತಿದ್ದೇವೆ ಅಲ್ವಾ?

ಇನ್ನೊಂದನ್ನೂ ತೋರಿಸಿದಳು. 2005ರಲ್ಲಿ ಮಾರ್ಗೊ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. 13ರಿಂದ 16ರ ಹುಡುಗರು ಒಬ್ಬರೇ ಆಡಿದಾಗ ಒಂದು ಥರ, ಗೆಳೆಯರು ನೋಡುತ್ತಿದ್ದಾಗ ಇನ್ನೊಂದು ಥರ. ಗೆಳೆಯರಿದ್ದಾಗ ಅಪಾಯಕ್ಕೆ ಕೈ ಹಾಕುವುದು ಜಾಸ್ತಿ. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಮ್ಮ ಹುಡುಗ ಕಾಲುವೆಗೆ ಮೇಲಿಂದ ಹಾರಿದ್ದು ಅವನಿಗೆ ಬುದ್ಧಿ ಇಲ್ಲ ಅಂತಲ್ಲ. ನಾಲ್ಕು ಜನ ನೋಡುತ್ತಿದ್ದರು, ಅದಕ್ಕೆ. ಇದನ್ನು ಕೇಳಿ ನನಗೆ ಒಂದು ಯೋಚನೆ ಬಂತು: ಹಾಗಾದರೆ ಒಳ್ಳೆ ಕೆಲಸ ಮಾಡುವಾಗಲೂ ನಾಲ್ಕು ಜನ ನೋಡಿದರೆ ಅದನ್ನೂ ಜೋರಾಗಿಯೇ ಮಾಡುತ್ತಾನಲ್ಲ?

ಮಗಳು ಹಠ ಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. 10ರಿಂದ 19 ವಯಸ್ಸಿನ ಮಕ್ಕಳಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತದೆ ಅನ್ನುವುದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಸೊಲ್ಯೂಷನ್ ಮೂಸುವ ಚಟಕ್ಕೆ ಡಾಕ್ಟರೇ ಬೇಕು, ಅದು ಬೈಗುಳಕ್ಕೆ ಹೋಗುವ ಕಾಯಿಲೆ ಅಲ್ಲ, ತಡ ಮಾಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಲ್ಲಿ ಒಬ್ಬ ಮೇಡಂ ಕೌನ್ಸೆಲರ್. ಹುಡುಗನ ಜೊತೆ ಒಂದು ಗಂಟೆ ಮಾತಾಡಿ, ಆಮೇಲೆ ನನ್ನನ್ನು ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದರು. "ಈ ಗೆಳೆಯರನ್ನ ಬಿಡು ಅಂತೀರಿ. ಬಿಟ್ಟ ಮೇಲೆ ಸಂಜೆ ಐದು ಗಂಟೆಗೆ ಅವನು ಎಲ್ಲಿಗೆ ಹೋಗಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪತ್ರ ಆ ಪ್ರಶ್ನೆಯನ್ನು ನಿಮಗೆ ದಾಟಿಸಲು ಬರೆದದ್ದು.

ಸಾಹೇಬರೇ, ಒಂದು ಹಳೆ ಮಾತು ನೆನಪಿಸುತ್ತೇನೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯ ಗೋಡೆಯಿಂದ ಹೊರಗೆ ತಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ಡಾಕ್ಟರು, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾಡಿ ನೋಡಿದ್ದು ನಮ್ಮ ಜಿಲ್ಲೆಯಲ್ಲೇ. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. ಅದನ್ನು ನೋಡಿಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಸಣ್ಣ ಜನ ಸಣ್ಣ ಜಾಗದಲ್ಲೇ ದೊಡ್ಡ ಕೆಲಸ ಮಾಡಬಹುದು ಅಂತ ಇಡೀ ದೇಶಕ್ಕೆ ತೋರಿಸಿದ ಊರು ಇದು. ಬಿಸಿಲು, ಅದಿರು, ರೆಡ್ಡಿ ಅಂತ ಮೂರೇ ಮಾತಿನಲ್ಲಿ ಬಳ್ಳಾರಿ ಮುಗಿಸುವವರಿಗೆ ಇದನ್ನು ಯಾರಾದರೂ ಹೇಳಿ.

ನಮ್ಮ ಹುಡುಗನ ವಿಷಯದಲ್ಲಿ ಉತ್ತರ ಸಿಕ್ಕಿದ್ದು ಸುಮ್ನೆ, ಅದೃಷ್ಟದಿಂದ. ನನಗೆ ಜಿಪ್ಪು, ಬಟನ್ನು ತಂದುಕೊಡುವ ಒಬ್ಬ ಹಿರಿಯರಿದ್ದಾರೆ. ಹಗಲು ವ್ಯಾಪಾರ, ಸಂಜೆ ನಾಟಕ. ಇದು ಬಳ್ಳಾರಿಗೆ ಹೊಸದಲ್ಲ. ಬಳ್ಳಾರಿ ರಾಘವರೇ ಹಗಲು ಕೋರ್ಟಿನಲ್ಲಿ ವಕೀಲರು, ರಾತ್ರಿ ಬಣ್ಣ ಹಚ್ಚಿದರೆ ಬೇರೆಯೇ ಮನುಷ್ಯ. ಅವರು ತೀರಿಕೊಂಡದ್ದು 1946ರಲ್ಲಿ, ಅವರ ಹೆಸರಿನ ಕಲಾಮಂದಿರ ಈಗಲೂ ಇದೆ. ಈ ಹಿರಿಯರು ಒಂದು ದಿನ ಬಿಲ್ ಬರೆಸುತ್ತಾ, "ಪರದೆ ಎಳೆಯೋ ಹುಡುಗ ಕೈ ಕೊಟ್ಟಾನ್ರೀ, ನಿಮ್ಮ ಯೂನಿಟ್ಟಿನಾಗ ಯಾರನ್ನ ಇದ್ರ ಕಳಸ್ರೀ" ಎಂದರು. ಯೂನಿಟ್ಟಿನಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ನಮ್ಮವನು ಮುಖ ಗಂಟು ಹಾಕಿಕೊಂಡು ಕೂತಿದ್ದ. ಅವರು ಅವನನ್ನು ನೋಡಿ "ಇವನ್ಯಾಕ ಆಗಬಾರದು" ಅಂದರು. ಅವನ ಕಥೆ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ.

ಮೊದಲ ವಾರ ಹುಡುಗ ಬಾಗಿಲಲ್ಲೇ ನಿಂತು ಬಂದ. ಒಂದು ಹಳೆ ಶೆಡ್ಡು, ಅಲ್ಲಿ ರಿಹರ್ಸಲ್. ಡಿಪ್ಲೊಮಾ ಓದುವ ಒಬ್ಬ ಹುಡುಗ ಲೈಟ್ ನೋಡಿಕೊಳ್ಳುತ್ತಿದ್ದ. ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು ವಿಲನ್. ರಿಟೈರ್ ಆದ ಪೋಸ್ಟ್‌ಮ್ಯಾನ್ ರಾಜ. ಬಿಎಸ್ಸಿ ಓದುವ ಹುಡುಗಿ ಹಾರ್ಮೋನಿಯಂ. ಅವರಲ್ಲಿ ಒಬ್ಬರೂ ಇವನಿಗೆ ಬುದ್ಧಿ ಹೇಳಲಿಲ್ಲ. ದೊಡ್ಡತನದಿಂದ ಅಲ್ಲ, ಪುರುಸೊತ್ತಿರಲಿಲ್ಲ ಅಷ್ಟೇ. ನಾಟಕ ಹತ್ತಿರ ಬಂದಿತ್ತು, ಪರದೆ ಹಗ್ಗ ಸಿಕ್ಕಿಕೊಳ್ಳುತ್ತಿತ್ತು, "ಏಯ್ ತಮ್ಮ, ಈ ಕಡೆ ಹಿಡ್ಕೋ" ಅಂದರು, ಇವನು ಹಿಡಿದುಕೊಂಡ.

ಪರದೆ ಎಳೆಯುವುದು ಸಣ್ಣ ಕೆಲಸ ಅಂದುಕೊಂಡಿದ್ದೆ. ಅಲ್ಲ. ಎರಡು ಗಂಟೆ ಕಣ್ಣು ರಂಗದ ಮೇಲೇ ಇರಬೇಕು, ಪ್ರತಿ ಮಾತೂ ನೆನಪಿರಬೇಕು, ಫೋನ್ ನೋಡಿದೆಯೋ ಕೆಟ್ಟೆ. ಮೊದಲ ಶೋನಲ್ಲಿ ಇವನು ಒಂದು ಸೀನಿಗೆ ಅರ್ಧ ನಿಮಿಷ ಮುಂಚೆಯೇ ಎಳೆದುಬಿಟ್ಟ. ಹಿಂದಿನ ಸೀನಿನಲ್ಲಿ ಸತ್ತ ರಾಜ ಎದ್ದು ಕೂತು ಬೀಡಿ ಹುಡುಕುತ್ತಿದ್ದದ್ದು ಇಡೀ ಊರಿಗೆ ಕಂಡಿತು. ಜನ ಬಿದ್ದು ಬಿದ್ದು ನಕ್ಕರು. ಹುಡುಗ ಹೆದರಿ ಓಡಿಹೋಗಿ ಟೆಂಪೊ ಹಿಂದೆ ಅವಿತುಕೊಂಡ, ಹೊಡೀತಾರೆ ಅಂತ. ಶೋ ಮುಗಿದ ಮೇಲೆ ಆ ಡಿಪ್ಲೊಮಾ ಹುಡುಗ ಹುಡುಕಿಕೊಂಡು ಹೋಗಿ, ಬೆಳಗಿನ ಜಾವ ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ ಮಿರ್ಚಿ ಕೊಡಿಸಿ, ತಾನು ಮೊದಲ ವರ್ಷ ಇಡೀ ಹಾಲಿನ ಫ್ಯೂಸ್ ಹಾರಿಸಿದ ಕಥೆ ಹೇಳಿದನಂತೆ. ಅವತ್ತು ಮನೆಗೆ ಬಂದವನು ಆರು ತಿಂಗಳಲ್ಲಿ ಮೊದಲ ಸಲ ತಾನೇ ಬಾಯಿಬಿಟ್ಟು ಅವರಮ್ಮನಿಗೆ ಒಂದು ಕಥೆ ಹೇಳಿದ. ರಾಜ ಬೀಡಿ ಹುಡುಕಿದ ಕಥೆ. ಅಕ್ಕ ಕತ್ತರಿ ಕೆಳಗಿಟ್ಟು ಕೇಳಿದಳು.

ಇಲ್ಲಿಗೆ ಸುಖಾಂತ್ಯ ಅಂದುಕೊಳ್ಳಬೇಡಿ. ನಾಲ್ಕನೇ ತಿಂಗಳಿಗೆ ಮತ್ತೆ ಕಾಲುವೆ ಕಡೆ ಹೋದ. ಎರಡು ದಿನ ಕಣ್ಣು ಕೆಂಪು. ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಂಡೆ, ಎಷ್ಟು ಕಷ್ಟ ಆಯಿತು ಅಂದರೆ ಎರಡು ಪ್ಯಾಂಟಿನ ಅಳತೆ ತಪ್ಪು ಕತ್ತರಿಸಿದೆ. ಮೂರನೇ ದಿನ ರಿಹರ್ಸಲ್ಲಿನಿಂದ ಫೋನ್ ಬಂತು, "ಪರದೆ ಯಾರು ಎಳೀಬೇಕು, ನಿಮ್ಮ ತಾತನಾ?" ಅಂತ. ಎದ್ದು ಹೋದ. ಅಲ್ಲಿ ಅವನಿಲ್ಲದಿದ್ದರೆ ಒಂದು ಕೆಲಸ ನಿಲ್ಲುತ್ತಿತ್ತು, ಅಷ್ಟೇ ವ್ಯತ್ಯಾಸ. ಶಾಲೆಯಲ್ಲಿ ಅವನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಅನ್ನುವುದು ಅವನಿಗೇ ಗೊತ್ತಿತ್ತು.

ಒಮ್ಮೆ ಕೇಳಿದೆ, ಆ ಹುಡುಗರ ಹತ್ತಿರ ಏನಿತ್ತೋ ಅಷ್ಟು ಅಂತ. "ಅಲ್ಲಿ ಯಾರೂ ಮಾರ್ಕ್ಸ್ ಕೇಳ್ತಿದ್ದಿಲ್ಲ ಮಾವ. ಉಂಡ್ಯಾ ಅಂತ ಕೇಳ್ತಿದ್ರು" ಎಂದ. ನಾನು ಸುಮ್ಮನಾದೆ.

ಈಗ ಅವನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ. ಆದರೆ ನಾನು ಪತ್ರ ಬರೆಯುತ್ತಿರುವುದು ಅವನಿಗಾಗಿ ಅಲ್ಲ. ಅವನನ್ನು ಮನೆಗೆ ತಂದು ಬಿಟ್ಟನಲ್ಲ, ಆ ಇನ್ನೊಬ್ಬ ಹುಡುಗ. ಅವನೂ ಒಂದು ಸಂಜೆ ರಿಹರ್ಸಲ್‌ಗೆ ಬಂದಿದ್ದ. ಹಿಂದೆ ಚೀಲದ ಮೇಲೆ ಕೂತು ನೋಡಿದ, ರಾಜನ ಮಾತಿಗೆ ನಕ್ಕ, ಮಾರನೇ ದಿನ ಬರಲಿಲ್ಲ. ಅವನು ಬಟ್ಟೆಗೆ ಬಣ್ಣ ಹಾಕುವ ಕಡೆ ಕೆಲಸಕ್ಕೆ ಹೋಗುತ್ತಿದ್ದ, ರಾತ್ರಿ ಪಾಳಿ. ಅವನಿಗೆ 16. ಅಪ್ಪ ಇಲ್ಲ. ಈಗ ಎಲ್ಲಿದ್ದಾನೋ, ಕೆಲವರು ಬೆಂಗಳೂರು ಅನ್ನುತ್ತಾರೆ, ಕೆಲವರು ಅನಂತಪುರ ಅನ್ನುತ್ತಾರೆ. ಕೆಟ್ಟ ಸಹವಾಸ ಅಂತ ನಾನು ಬೈದದ್ದು ಅವನನ್ನೇ. ಅವನಿಗೂ ಸೋದರಮಾವ ಒಬ್ಬ ಇದ್ದು, ಆ ಮಾವನಿಗೆ ಬಟನ್ ಮಾರುವವರು ಪರಿಚಯ ಇದ್ದು, ಅವರಿಗೆ ನಾಟಕದ ಹುಚ್ಚಿದ್ದು... ಇಷ್ಟೆಲ್ಲ ಕೂಡಿ ಬಂದರೆ ಮಾತ್ರ ಒಬ್ಬ ಹುಡುಗ ಉಳಿಯುವುದಾದರೆ ಅದು ಲಾಟರಿ ಆಯಿತು. ಲಾಟರಿ ಹೊಡೆಯದ ಹುಡುಗರಿಗೆ ನೀವು ಏನಾದರೂ ಮಾಡಬೇಕು.

ದೊಡ್ಡದೇನೂ ಕೇಳುತ್ತಿಲ್ಲ. ಹೊಸ ಕಟ್ಟಡ ಬೇಡ. ಜಾಗೃತಿ ಜಾಥಾ ಬೇಡ, ಬಿಸಿಲಿನಲ್ಲಿ ಮಕ್ಕಳನ್ನು ರಾಯಲ್ ಸರ್ಕಲ್‌ವರೆಗೆ ನಡೆಸಿ ಮಾದಕ ವಸ್ತುವಿಗೆ ಧಿಕ್ಕಾರ ಕೂಗಿಸಿದರೆ ಮಕ್ಕಳಿಗೆ ಬಾಯಾರಿಕೆ ಆಗುತ್ತದೆ, ಬೇರೇನೂ ಆಗಲ್ಲ. ನಮಗೆ ಇರುವ ಜಾಗ ತೆರೆದುಕೊಡಿ, ಸಂಜೆ 5ರಿಂದ 8.

ಸರ್ಕಾರಿ ಶಾಲೆ ಮೈದಾನಗಳು ನಮ್ಮವೇ. ಬಳ್ಳಾರಿಯ ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡಲಾಗುವುದಿಲ್ಲ, ಮೈದಾನ ಬೇಕಾಗುವುದೇ ಸಂಜೆ. ಆಗಲೇ ಬೀಗ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ, ಆಗಲೂ ಬೀಗ. ಹುಡುಗರು ಕೆಡಲು ಆ ಏಳು ವಾರ ಧಾರಾಳ ಸಾಕು. ನಮ್ಮ ಮನೆ ಹತ್ತಿರದ ಒಂದು ಮೈದಾನಕ್ಕೆ ಹುಡುಗರು ಗೋಡೆ ಹಾರಿ ಹೋಗುತ್ತಾರೆ. ಹುಡುಗಿಯರು ಹಾರುವುದಿಲ್ಲ. ಸಣ್ಣವರು ಹಾರಲಾಗುವುದಿಲ್ಲ. ಗೋಡೆ ಹಾರುವವರಿಗೆ ಮಾತ್ರ ಮೈದಾನ ಅಂತಾಯಿತು, ಅಲ್ಲಿ ಏನು ನಡೆಯುತ್ತದೆ ಅಂತ ನೋಡುವ ದೊಡ್ಡವರೂ ಇಲ್ಲ.

ಹುಡುಗಿಯರ ಮಾತು ಬಂತು, ಹೇಳಿಬಿಡುತ್ತೇನೆ. ಅವರಿಗೆ ಕಷ್ಟ ಇಲ್ಲ ಅಂತಲ್ಲ, ಅವರ ಕಷ್ಟ ಬೀದಿಗೆ ಕಾಣುವುದಿಲ್ಲ. ಹುಡುಗ ಹಾಳಾದರೆ ಕಾಲುವೆ ದಂಡೆಯಲ್ಲಿ ಸಿಗುತ್ತಾನೆ. ಹುಡುಗಿ ಕುಗ್ಗಿದರೆ ಮನೆಯೊಳಗೆ ಫೋನ್ ಹಿಡಿದು ಕೂರುತ್ತಾಳೆ, ನಾವು ಶಾಂತ ಸ್ವಭಾವ ಅನ್ನುತ್ತೇವೆ, ಮದುವೆ ಮಾಡುತ್ತೇವೆ. ಅವಳಿಗೂ ಸಂಜೆ ಹೋಗಿ ಬರಲು ಒಂದು ಬೆಳಕಿರುವ ಜಾಗ ಬೇಕು. ಅದಕ್ಕೆ ಲೈಬ್ರರಿ ಆಗುತ್ತದೆ. ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯದ ಕರ ಕಟ್ಟುತ್ತೇವಲ್ಲ, ಅದರ ಲೆಕ್ಕದಲ್ಲಿ ಕೇಳುತ್ತಿದ್ದೇನೆ. ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಬೋರ್ಡ್ ಬಂದಿದೆ, 2020ರಲ್ಲಿ ಶುರುವಾದ ಓದುವ ಬೆಳಕು ಯೋಜನೆಯಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಒಳ್ಳೆಯದೇ. ಅದರ ಜೊತೆ ಒಂದು ಕೇರಂ ಬೋರ್ಡು, ಚೆಸ್ಸು, ಒಂದು ಡೋಲು ಇಡಿ. ಓದು ಬೇಡ ಅನ್ನುವ ಹುಡುಗ ಡೋಲಿಗೆ ಬರುತ್ತಾನೆ, ಬಂದ ಮೇಲೆ ಪುಸ್ತಕ ಮುಟ್ಟುತ್ತಾನೋ ಬಿಡುತ್ತಾನೋ, ಬಂದನಲ್ಲ.

ಐಸ್‌ಲ್ಯಾಂಡ್ ಅಂತ ಒಂದು ದೇಶ ಇದೆಯಂತೆ, ಜನ ನಮ್ಮ ಬಳ್ಳಾರಿ ನಗರಕ್ಕಿಂತಲೂ ಕಡಿಮೆ. 1998ರಲ್ಲಿ ಅಲ್ಲಿ 15-16ರ ಮಕ್ಕಳಲ್ಲಿ ನೂರಕ್ಕೆ 42 ಜನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿದ್ದರು. 2016ರ ಹೊತ್ತಿಗೆ ಅದು ನೂರಕ್ಕೆ 5. ಮಕ್ಕಳಿಗೆ ಆಟ, ಸಂಗೀತ, ಕುಣಿತದ ತರಬೇತಿಗೆ ದುಡ್ಡು ಕೊಟ್ಟರು, ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯಲು ಒಪ್ಪಂದ ಮಾಡಿಕೊಂಡರು, ರಾತ್ರಿ ಹೊರಗೆ ತಿರುಗುವುದಕ್ಕೆ ಹೊತ್ತು ಗೊತ್ತು ಮಾಡಿದರು. ಅಷ್ಟು ದುಡ್ಡು ನಮ್ಮಲ್ಲಿಲ್ಲ, ಗೊತ್ತು. ಆದರೆ ಹಿಮದ ದೇಶದವರು ಒಳಾಂಗಣ ಕಟ್ಟಿಸಬೇಕಾಯಿತು, ನಮಗೆ ಗೇಟು ತೆಗೆದರೆ ಸಾಕು.

ಶಿಕ್ಷಣ ಇಲಾಖೆಯವರಲ್ಲಿ ಎರಡು ಮಾತು. ಗಲಾಟೆ ಹುಡುಗರನ್ನು ಒಂದೇ ಬೆಂಚಿಗೆ ಹಾಕಬೇಡಿ, ಚದುರಿಸಿ, ಒಬ್ಬೊಬ್ಬನಿಗೆ ಒಂದು ಕೆಲಸ ಕೊಡಿ. ಗಂಟೆ ಹೊಡೆಯುವುದೋ, ಬಿಸಿಯೂಟದ ತಟ್ಟೆ ಲೆಕ್ಕವೋ, ಮೈಕ್ ಸೆಟ್ಟೋ. ಮತ್ತೆ ಒಂಬತ್ತು, ಹತ್ತನೇ ಕ್ಲಾಸಿನ ಹುಡುಗನಿಗೆ ಟಿಸಿ ಕೊಡುವ ಮುಂಚೆ ಕೌನ್ಸೆಲರ್ ಹತ್ತಿರ ಒಂದು ಸಲ ಕಳಿಸುವುದು ಕಡ್ಡಾಯ ಮಾಡಿ. ಶಾಲೆ ಗೋಡೆಯ ಮೇಲೆ ಗಾದೆ ಬರೆಸುವ ಜಾಗದಲ್ಲಿ ಎರಡು ನಂಬರ್ ಬರೆಸಿ: ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಶಾಲೆ ಪಕ್ಕದ ಡಬ್ಬಿ ಅಂಗಡಿಯ ಗುಟ್ಕಾ ಬಗ್ಗೆ ಬರೆಯುವುದಿಲ್ಲ, 2003ರಿಂದ ಕಾನೂನು ಇದೆ, ನಿಮಗೂ ಗೊತ್ತು, ಅಂಗಡಿಯವನಿಗೂ ಗೊತ್ತು.

ಊರಿನ ನಾಟಕದವರು, ಗರಡಿಯವರು, ಭಜನೆಯವರು, ಮೊಹರಂಗೆ ತಾಷಾ ಬಾರಿಸುವವರು, ಗ್ಯಾರೇಜಿನವರು, ಮೈಕ್ ಸೆಟ್ಟಿನವರು, ನೀವೂ ಕೇಳಿ. ಒಬ್ಬೊಬ್ಬರು ಇಬ್ಬರೇ ಹುಡುಗರನ್ನು ಸೇರಿಸಿಕೊಳ್ಳಿ. 20 ಜನ ಬೇಡ, 20 ಜನ ಆದರೆ ಅದು ಮತ್ತೆ ಕೊನೇ ಬೆಂಚೇ. ದುಡಿಸಿಕೊಳ್ಳಬೇಡಿ, ಶಾಲೆ ತಪ್ಪಿಸಬೇಡಿ, ಕರೆಂಟ್ ಮುಟ್ಟಿಸಬೇಡಿ. ನಮ್ಮವನಿಗೆ ವರ್ಷದವರೆಗೆ ಹಗ್ಗ ಬಿಟ್ಟು ಬೇರೇನೂ ಮುಟ್ಟಲು ಬಿಡಲಿಲ್ಲ. ಹುಡುಗನ ಹಳೆ ಕಥೆ ಕೇಳಬೇಡಿ. ಉಂಡ್ಯಾ ಅಂತ ಕೇಳಿ.

ಅಪ್ಪ ಅಮ್ಮಂದಿರಿಗೆ ನಾನು ಹೇಳುವಂಥದ್ದು ಕಡಿಮೆ, ನಾನೇ ಹೊಡೆದವನು. ಮಗನ ಗೆಳೆಯರ ಹೆಸರು ಕೇಳಿ ತಿಳಿದುಕೊಳ್ಳಿ, ಅವರನ್ನು ಮನೆಗೆ ಕರೆದು ಒಂದು ಸಲ ರೊಟ್ಟಿ ಹಾಕಿ. ಯಾರು ಎಂಥವರು ಅಂತ ಊಟದ ಎದುರಿಗೆ ಗೊತ್ತಾಗುವಷ್ಟು ಕಾಲುವೆ ದಂಡೆಯಲ್ಲಿ ಗೊತ್ತಾಗುವುದಿಲ್ಲ.

ಇನ್ನು ಗೇಟಿನ ವಿಷಯ. ಆ ಮೈದಾನದ ಕೀಲಿ ಯಾರ ಹತ್ತಿರ ಇದೆ ಅಂತ ಹೋದ ತಿಂಗಳು ಮೂರು ಕಡೆ ಹೋಗಿ ಕೇಳಿದೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು, ಕೊನೆಯವರು ಮೊದಲಿನವರ ಕಡೆ ತೋರಿಸಿದರು. ಕೀಲಿ ಯಾರ ಹತ್ತಿರವೇ ಇರಲಿ, ಒಂದು ಜೋಡಿ ನಮಗೆ ಕೊಡಿ. ಸೋಮವಾರದಿಂದ ಬುಧವಾರ ನಾನು ತೆಗೆದು ಹಾಕುತ್ತೇನೆ. ಗುರುವಾರ, ಶುಕ್ರವಾರ ಆ ರಾಜನ ಪಾತ್ರದ ಪೋಸ್ಟ್‌ಮ್ಯಾನ್ ಒಪ್ಪಿದ್ದಾರೆ. ಶನಿವಾರಕ್ಕೆ ಹಾರ್ಮೋನಿಯಂ ಹುಡುಗಿ ಮತ್ತು ಅವಳ ಗೆಳತಿಯರು, ಹುಡುಗಿಯರಿಗೇ ಅಂತ. ಸಹಿ ಬೇಕಾದರೆ ಹಾಕುತ್ತೇವೆ, ಏನಾದರೂ ಒಡೆದರೆ ಕಟ್ಟಿಕೊಡುತ್ತೇವೆ.

ಬರುವ ಸೋಮವಾರ ಬೆಳಿಗ್ಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಬರುತ್ತೇನೆ. ನಮ್ಮ ಹುಡುಗನೂ ಬರುತ್ತಾನಂತೆ. ಮೈದಾನದ ನಾಲ್ಕು ಮೂಲೆಗೆ ಲೈಟ್ ಹಾಕಲು ಎಷ್ಟು ಮೀಟರ್ ವೈರ್ ಬೇಕು ಅಂತ ಗೋಡೆ ಹಾರಿ ಅಳೆದುಕೊಂಡು ಬಂದಿದ್ದಾನೆ, ಚೀಟಿ ಜೇಬಿನಲ್ಲಿದೆ.

ಇಂತಿ,
ಕೌಲ್ ಬಜಾರಿನ ಒಬ್ಬ ಸೋದರಮಾವ